ವಿಶ್ವಕೋಶಕ್ಕೆ ಅಂಗವೈಕಲ್ಯದ ವಿಷಯಗಳು: ಗಡಿನಾಡಿನ ಸಂಶೋಧಕರು ಆರಿಸುವ ಬಗೆ

ವಿಶ್ವಕೋಶಕ್ಕೆ ಲೇಖನ ಬರೆಯುವವರು ಈಗ ಸಂಪಾದಕ ಮಂಡಲಿಯ ಆಹ್ವಾನಕ್ಕೆ ಕಾಯಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಾಗ ಯಾವ ಶೀರ್ಷಿಕೆಗಳಿರಬೇಕು, ಯಾವುದಕ್ಕೆ ಎಷ್ಟು ಪುಟ ಎಂಬುದನ್ನು ವಿದ್ವಾಂಸರು ಕೂಡಿ ನಿರ್ಧರಿಸಿದ್ದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಆ ನಿರ್ಧಾರ ಬರೆಯುವವರದೇ ಆಯಿತು. ಅಧಿಕಾರದೊಂದಿಗೆ ಒಂದು ಹೊಣೆಯೂ ಬಂದಿದೆ: ಯಾವುದನ್ನು ಬರೆಯಬೇಕು ಎಂಬ ಪ್ರಶ್ನೆಗೆ ಈಗ ಪ್ರತಿಯೊಬ್ಬ ಲೇಖಕನೂ ಉತ್ತರಿಸಬೇಕಾಗಿದೆ. ತರಗತಿಯ ನಿಯೋಜಿತ ಕೆಲಸವಾಗಿ, ಭಾಷಾ ಕಮ್ಮಟದ ಅಂಗವಾಗಿ, ಇಲ್ಲವೇ ಸ್ವಂತ ಆಸಕ್ತಿಯಿಂದ ಅಂಗವೈಕಲ್ಯದ ಬಗ್ಗೆ ಬರೆಯಹೊರಟ ಅಧ್ಯಾಪಕರೂ ಸಂಶೋಧಕರೂ ಎದುರಿಸುವ ಮೊದಲ ತೊಡಕು ಇದೇ.

ಸಾಮಾನ್ಯವಾಗಿ ಈ ಆಯ್ಕೆ ಎರಡು ದಾರಿಗಳಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಇದ್ದು ಕನ್ನಡದಲ್ಲಿ ಇಲ್ಲದ ಲೇಖನಗಳ ಪಟ್ಟಿ ಮಾಡಿ ಒಂದೊಂದನ್ನೇ ಅನುವಾದಿಸುವುದು ಒಂದು ದಾರಿ. ಅಂಗವೈಕಲ್ಯವನ್ನು ‘ಮೆಟ್ಟಿ ನಿಂತ’ ಸಾಧಕರ ಜೀವನಚರಿತ್ರೆಗಳನ್ನು ಬರೆಯುವುದು ಇನ್ನೊಂದು. ಎರಡರಿಂದಲೂ ಪುಟಗಳ ಸಂಖ್ಯೆ ಹೆಚ್ಚುತ್ತದೆ. ಆದರೆ ಕಾಸರಗೋಡು, ವಯನಾಡು, ಹೊಸೂರು, ಸೊಲ್ಲಾಪುರ, ಮಡಕಶಿರಾ ಮೊದಲಾದ ಕಡೆಗಳ ಕನ್ನಡಿಗ ವಿದ್ವಾಂಸರ ಕೈಯಲ್ಲಿರುವ ನಿಜವಾದ ಬಂಡವಾಳ, ಅಂದರೆ ಒಂದಕ್ಕಿಂತ ಹೆಚ್ಚು ಭಾರತೀಯ ಭಾಷೆಗಳ ಆಕರಗಳನ್ನು ಮೂಲದಲ್ಲೇ ಓದುವ ಸಾಮರ್ಥ್ಯ, ಎರಡು ದಾರಿಗಳಲ್ಲೂ ಬಳಕೆಯಾಗದೆ ಉಳಿಯುತ್ತದೆ. ಗಡಿನಾಡಿನ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳಬೇಕಾದವು ಎರಡು ಭಾಷೆಗಳ ಆಕರಗಳನ್ನು ಜೊತೆಗಿಟ್ಟು ಓದದ ಹೊರತು ಪೂರ್ಣವಾಗದ ವಿಷಯಗಳು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ವ್ಯಾಪ್ತಿಯ ಪ್ರಶ್ನೆ

ಆಯ್ಕೆಗೆ ಮುನ್ನ ಅಂಗವೈಕಲ್ಯದ ವಿಷಯ ಎಂದರೆ ಯಾವುದು ಎಂಬುದು ಸ್ಪಷ್ಟವಾಗಬೇಕು. 1995ರ ಕೇಂದ್ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು. ಕುಷ್ಠರೋಗದಿಂದ ಗುಣಮುಖರಾದವರು, ಆಮ್ಲ ದಾಳಿಗೆ ಒಳಗಾದವರು, ಥಲಸ್ಸೀಮಿಯಾ, ಹೀಮೋಫೀಲಿಯಾ ಮತ್ತು ಕುಡುಗೋಲು ಕಣ ಕಾಯಿಲೆ ಉಳ್ಳವರು, ಕಲಿಕೆಯ ನಿರ್ದಿಷ್ಟ ತೊಂದರೆ ಇರುವವರು ಈ ಪಟ್ಟಿಯಲ್ಲಿದ್ದಾರೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರಕಾರಿ ಉದ್ಯೋಗದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿಯನ್ನು ಈ ಕಾಯಿದೆ ವಿಧಿಸಿದೆ.

ಈ ಕಾಲಕ್ರಮ ಸಂಪಾದನೆಯ ದೃಷ್ಟಿಯಿಂದಲೂ ಮುಖ್ಯ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಅವರು ಜನಸಂಖ್ಯೆಯ ಶೇ. 2.21 ಎಂದು ಹೇಳಿತು. ಅನೇಕ ಲೇಖನಗಳು ಈ ಅಂಕಿಯನ್ನೂ 21 ಬಗೆಗಳ ಪಟ್ಟಿಯನ್ನೂ ಒಂದೇ ಪರಿಚ್ಛೇದದಲ್ಲಿ ಕೊಡುತ್ತವೆ. ಗಣತಿ ನಡೆದದ್ದು ಹೊಸ ಪಟ್ಟಿಗಿಂತ 5 ವರ್ಷ ಮೊದಲು. ಆ ಎಣಿಕೆಯಲ್ಲಿ ರಕ್ತಸಂಬಂಧಿ ಕಾಯಿಲೆಗಳಿಗೆ ಪ್ರತ್ಯೇಕ ಕಲಮು ಇರಲಿಲ್ಲ. ಎರಡನ್ನೂ ಬೆರೆಸಿದಾಗ ಓದುಗನಿಗೆ ಸಿಗುವುದು ತಪ್ಪು ಚಿತ್ರ. ಹೊಸ ಲೇಖನ ಬರೆಯುವುದಷ್ಟೇ ಅಲ್ಲ, ಇಂಥ ಒಂದು ವಾಕ್ಯವನ್ನು ಸರಿಪಡಿಸುವುದೂ ಸಂಶೋಧನೆಯೇ.

ಒಡಂಬಡಿಕೆಯಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ದೇಹ ಅಥವಾ ಮನಸ್ಸಿನ ಒಂದು ಸ್ಥಿತಿಯೂ ಸುತ್ತಣ ಸಮಾಜದ ಅಡೆತಡೆಗಳೂ ಸಂಧಿಸುವಲ್ಲಿ ವೈಕಲ್ಯ ಹುಟ್ಟುತ್ತದೆ ಎಂಬುದು ಅದರ ಗ್ರಹಿಕೆ. ಆದುದರಿಂದ ಕಾಯಿಲೆಗಳ ಹೆಸರುಗಳಷ್ಟೇ ಅಂಗವೈಕಲ್ಯದ ಶೀರ್ಷಿಕೆಗಳಲ್ಲ. ಕುಡಿಯುವ ನೀರಿನ ಯೋಜನೆ, ಒಂದು ಲಿಪಿ, ನ್ಯಾಯಾಲಯದ ಆದೇಶ, ಒಂದು ಕೀಟನಾಶಕ ಇವೂ ಈ ವ್ಯಾಪ್ತಿಗೆ ಸೇರಬಲ್ಲವು. ಮುಂದಿನ ನಿದರ್ಶನಗಳೆಲ್ಲವೂ ಈ ವಿಶಾಲ ಅರ್ಥದಿಂದ ಆಯ್ದವು.

ಆಯ್ಕೆಗೆ ನಾಲ್ಕು ಪ್ರಶ್ನೆಗಳು

ಒಂದು ವಿಷಯವನ್ನು ಕೈಗೆತ್ತಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ. ಈ ಲೇಖನವನ್ನು ಕನ್ನಡದಲ್ಲಿ ಹುಡುಕುವವರು ಯಾರು, ಅವರಿಗೆ ಅದು ಬೇರೆ ಭಾಷೆಯಲ್ಲಿ ಸುಲಭವಾಗಿ ಸಿಗುತ್ತದೆಯೇ? ವಿಷಯದ ವಿಶ್ವಾಸಾರ್ಹ ಆಕರಗಳು ಯಾವ ಯಾವ ಭಾಷೆಗಳಲ್ಲಿವೆ, ಅವು ಒಂದನ್ನೊಂದು ಬಲ್ಲವೇ? ಲೇಖನದಲ್ಲಿ ಅಂಗವಿಕಲ ವ್ಯಕ್ತಿ ಕೇವಲ ವರ್ಣನೆಯ ವಸ್ತುವಾಗಿ ಬರುತ್ತಾನೆಯೇ, ಅಥವಾ ಓದುಗನೂ ಪ್ರಜೆಯೂ ಆಗಿ ಬರುತ್ತಾನೆಯೇ? ಬರೆದ ಮೇಲೆ ಈ ಪುಟವನ್ನು ಕಾಯುವವರು ಯಾರು? ಎರಡನೆಯ ಪ್ರಶ್ನೆ ವಿಶೇಷವಾಗಿ ಗಡಿನಾಡಿನದು. ಅದರ ತೂಕ ತಿಳಿಯಲು ಕಾಸರಗೋಡಿನ ಒಂದು ವಿಷಯದಿಂದ ಆರಂಭಿಸಬಹುದು.

ಎಂಡೋಸಲ್ಫಾನ್: ಎರಡು ಭಾಷೆ, ಎರಡು ರಾಜ್ಯ

ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳ ಅಂಚಿನ ಊರುಗಳಲ್ಲಿ ಕನ್ನಡ, ತುಳು, ಮಲಯಾಳ ಮಾತನಾಡುವವರು ಒಟ್ಟಿಗೆ ಬಾಳುತ್ತಾರೆ. ಎಣ್ಮಕಜೆ ಪಂಚಾಯತಿಯ ಪಡ್ರೆ ಅವುಗಳಲ್ಲಿ ಹೆಚ್ಚು ಪರಿಚಿತವಾದ ಹೆಸರು. ಹುಟ್ಟಿದ ಕರುಗಳಲ್ಲಿ ಕಂಡ ವಿಕಾರಗಳ ಬಗ್ಗೆ ಮೊದಲಿಗೆ ಬರೆದವರು ಅದೇ ಊರಿನ, ಕನ್ನಡದಲ್ಲಿ ಕೃಷಿ ಪತ್ರಿಕೋದ್ಯಮ ನಡೆಸಿದ ಶ್ರೀ ಪಡ್ರೆ. ರೋಗಿಗಳಲ್ಲಿ ಅಸಾಮಾನ್ಯ ಪ್ರಮಾಣದ ಕಾಯಿಲೆಗಳನ್ನು ಗುರುತಿಸಿದವರು ಅಲ್ಲಿಯ ವೈದ್ಯ ವೈ.ಎಸ್. ಮೋಹನ ಕುಮಾರ್. 1998ರಲ್ಲಿ ಸಿಂಪಡಣೆಯ ವಿರುದ್ಧ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋದವರು ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಉತ್ಪಾದನೆ, ಮಾರಾಟಗಳನ್ನು ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳ ಸರಕಾರಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಪ್ರಕರಣ ಮತ್ತೆ ಬಂದಾಗ, 3,704 ಮಂದಿಯಲ್ಲಿ ಪರಿಹಾರ ತಲುಪಿದ್ದು 8 ಮಂದಿಗೆ ಮಾತ್ರ ಎಂಬುದು ನ್ಯಾಯಾಲಯದ ಗಮನಕ್ಕೆ ಬಂತು.

ಈ ಕತೆಯ ಆಕರಗಳು ಭಾಷೆಯ ಗೆರೆಯಲ್ಲಿ ಒಡೆದುಕೊಂಡಿವೆ. ಆರಂಭಿಕ ವರದಿಗಳ ಒಂದು ಪಾಲು ಕನ್ನಡದಲ್ಲಿದೆ. ಮುಷ್ಕರ, ವೈದ್ಯಕೀಯ ಶಿಬಿರ, ಬಾಧಿತರ ಪಟ್ಟಿ, ಪಂಚಾಯತಿಗಳ ಕಡತ ಇವು ಬಹುಮಟ್ಟಿಗೆ ಮಲಯಾಳದಲ್ಲಿವೆ. ನ್ಯಾಯಾಲಯದ ಆದೇಶಗಳೂ ಅಧ್ಯಯನ ವರದಿಗಳೂ ಇಂಗ್ಲಿಷಿನಲ್ಲಿವೆ. ಗಡಿಯ ಈಚೆಗೆ, ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಬೆಳ್ತಂಗಡಿ ಭಾಗಗಳ ಗೇರು ತೋಟಗಳಲ್ಲೂ ಇದೇ ಕೀಟನಾಶಕ ಬಳಕೆಯಾಗಿತ್ತು; ಅಲ್ಲಿನ ಬಾಧಿತರ ಪ್ರಶ್ನೆ ಕರ್ನಾಟಕ ಸರಕಾರದ ಮುಂದೆ, ಬೇರೆಯೇ ಮಾಸಾಶನ, ಬೇರೆಯೇ ಪಟ್ಟಿಗಳೊಂದಿಗೆ ನಡೆಯಿತು. ಕೇವಲ ಮಲಯಾಳ ಬಲ್ಲವರಿಗೆ ಕೊಕ್ಕಡ ಕಾಣುವುದಿಲ್ಲ. ಕೇವಲ ಕನ್ನಡದ ಕರ್ನಾಟಕ ಆವೃತ್ತಿಗಳನ್ನು ಓದುವವರಿಗೆ ಬೋವಿಕ್ಕಾನ, ಪೆರಿಯ, ಚೀಮೇನಿಗಳು ಕಾಣುವುದಿಲ್ಲ. ಊರಿನ ಹೆಸರಿನ ಕಾಗುಣಿತವೇ ಭಾಷೆಯಿಂದ ಭಾಷೆಗೆ ಬೇರೆಯಾಗುವುದರಿಂದ, ದಾಖಲೆಗಳನ್ನು ಹುಡುಕಲೂ ಎರಡೂ ರೂಪಗಳನ್ನು ಬಲ್ಲವರೇ ಬೇಕು.

ವಿವಾದವನ್ನು ನಿರ್ವಹಿಸುವ ವಿಧಾನವೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಬೇರೊಂದು ಊರಿನ ಮಕ್ಕಳೊಂದಿಗೆ ಹೋಲಿಸಿ, 2002ರ ವರದಿಯಲ್ಲಿ ಹೆಚ್ಚಿನ ಆರೋಗ್ಯ ಸಮಸ್ಯೆಗಳನ್ನು ದಾಖಲಿಸಿತು. ಅನಂತರ ಕೇಂದ್ರದ ಮಟ್ಟದಲ್ಲಿ ರಚಿತವಾದ ದುಬೆ ಸಮಿತಿ ಮತ್ತು ಮಾಯೀ ಸಮಿತಿಗಳು ಕಾರಣ-ಕಾರ್ಯ ಸಂಬಂಧವನ್ನು ಒಪ್ಪಲಿಲ್ಲ. ವಿಶ್ವಕೋಶ ಈ ಭಿನ್ನಾಭಿಪ್ರಾಯವನ್ನು ಮರೆಮಾಚಬಾರದು. ಅದೇ ವೇಳೆ, ವೈಜ್ಞಾನಿಕ ಚರ್ಚೆ ಮುಗಿದಿಲ್ಲವೆಂಬ ಕಾರಣಕ್ಕೆ ಪರಿಹಾರದ ಆದೇಶವನ್ನೂ ಅದರ ಪಾಲನೆಯ ವಿಳಂಬವನ್ನೂ ಅಡಿಟಿಪ್ಪಣಿಗೆ ತಳ್ಳಲೂಬಾರದು. ಒಂದು ವಿಜ್ಞಾನದ ಪ್ರಶ್ನೆ, ಇನ್ನೊಂದು ಹಕ್ಕಿನ ಪ್ರಶ್ನೆ. ಎರಡನ್ನೂ ಪ್ರತ್ಯೇಕ ವಿಭಾಗಗಳಲ್ಲಿ, ಪ್ರತ್ಯೇಕ ಆಕರಗಳೊಂದಿಗೆ ಬರೆದರೆ ಒಂದು ಇನ್ನೊಂದನ್ನು ನುಂಗುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಶೇಷ ಎಚ್ಚರ ಬೇಕು. ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳ ಕಾದಂಬರಿ ‘ಎನ್‌ಮಕಜೆ’ 2009ರಲ್ಲಿ ಪ್ರಕಟವಾಗಿ, ಜೆ. ದೇವಿಕಾ ಅವರ ಅನುವಾದದಲ್ಲಿ 2017ರಲ್ಲಿ ‘ಸ್ವರ್ಗ’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂತು. ಕಾದಂಬರಿಯ ಬಗೆಗಿನ ಲೇಖನಕ್ಕೆ ಅದೇ ಆಕರ. ಕಾಯಿಲೆಯ ಬಗೆಗಿನ ಲೇಖನಕ್ಕೆ ಅದು ಆಕರವಲ್ಲ. ಬಾಧಿತ ಮಕ್ಕಳ ಛಾಯಾಚಿತ್ರಗಳ ವಿಷಯದಲ್ಲೂ ಇಂಥದೇ ವಿವೇಕ ಅಗತ್ಯ. ಪತ್ರಿಕೆಗಳಲ್ಲಿ ಒಮ್ಮೆ ಪ್ರಕಟವಾದುದೆಂಬ ಮಾತ್ರಕ್ಕೆ ಒಂದು ಮಗುವಿನ ದೇಹ ವಿಶ್ವಕೋಶದ ಶಾಶ್ವತ ಸಚಿತ್ರ ಉದಾಹರಣೆ ಆಗಬೇಕಾಗಿಲ್ಲ. ತೋಟದ, ಸುರಂಗದ, ನ್ಯಾಯಾಲಯದ ಕಡತದ ಚಿತ್ರಗಳೂ ವಿಷಯವನ್ನು ಹೇಳಬಲ್ಲವು.

ಕುಡುಗೋಲು ಕಣ: ಮೂರು ರಾಜ್ಯಗಳ ಕಾಡಂಚು

ಎಂಡೋಸಲ್ಫಾನಿನ ಕತೆಯಲ್ಲಿ ಆಕರಗಳು ಹರಡಿಕೊಂಡಿವೆ. ವಯನಾಡು, ನೀಲಗಿರಿಗಳಿಗೆ ಸೇರಿದ ಎರಡನೆಯ ನಿದರ್ಶನದಲ್ಲಿ ಓದುಗರೇ ಹರಡಿಕೊಂಡಿದ್ದಾರೆ. ಭಾರತದಲ್ಲಿ ಕುಡುಗೋಲು ಕಣದ ಲಕ್ಷಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿ ಸಮುದಾಯಗಳನ್ನು ಪರೀಕ್ಷಿಸಿದ ಲೇಹ್‌ಮನ್ ಮತ್ತು ಕಟ್‌ಬುಷ್ ಅವರ ಅಧ್ಯಯನದಲ್ಲಿ. ಹೀಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗುವುದರಿಂದ, ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟುತ್ತವೆ. ತಂದೆ ತಾಯಿ ಇಬ್ಬರಿಂದಲೂ ಈ ಬದಲಾದ ಜೀನ್ ಬಂದಾಗ ಕಾಯಿಲೆ. ಒಬ್ಬರಿಂದ ಮಾತ್ರ ಬಂದಾಗ ವ್ಯಕ್ತಿ ಕೇವಲ ವಾಹಕ. ಇಬ್ಬರು ವಾಹಕರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ವಾಹಕರಿಗೆ ತೀವ್ರ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಇರುವುದರಿಂದ, ಮಲೇರಿಯಾ ಬೇರೂರಿದ್ದ ಕಾಡುಗಳಲ್ಲಿ ಈ ಜೀನ್ ಉಳಿದುಬಂತು. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಅಭಿಯಾನ 2047ನ್ನು ಗುರಿಯ ವರ್ಷವನ್ನಾಗಿ ಇಟ್ಟುಕೊಂಡಿದೆ.

ಈ ವೈದ್ಯಕೀಯ ವಿವರಣೆ ಇಂಗ್ಲಿಷಿನಿಂದ ನೇರವಾಗಿ ಬರಬಹುದು. ಇಂಗ್ಲಿಷಿನಿಂದ ಬರದೆ ಉಳಿಯುವುದು ಹೆಸರಿನ ಪ್ರಶ್ನೆ. ಮಲಯಾಳದಲ್ಲಿ ಇದು ‘ಅರಿವಾಳ್ ರೋಗ’, ತಮಿಳಿನಲ್ಲೂ ಅರಿವಾಳ್ ಶಬ್ದವೇ ಮೂಲ, ಕನ್ನಡದಲ್ಲಿ ಕುಡುಗೋಲು. ಮೂರೂ ಹೆಸರುಗಳು ಒಂದೇ ಕೃಷಿ ಸಾಧನವನ್ನು ಸೂಚಿಸುತ್ತವೆ. ಆದರೆ ವಯನಾಡಿನ ಆಸ್ಪತ್ರೆಯಲ್ಲಿ ಮಲಯಾಳ ಚೀಟಿ ಪಡೆದು, ಗಡಿ ದಾಟಿ ಮೈಸೂರು ಅಥವಾ ಚಾಮರಾಜನಗರದ ಬಂಧುಗಳ ಮನೆಗೆ ಬಂದವರು ಕನ್ನಡದಲ್ಲಿ ಹುಡುಕುವಾಗ ಯಾವ ಶಬ್ದ ಬರೆಯುತ್ತಾರೆ? ‘ಸಿಕಲ್ ಸೆಲ್’ ಎಂಬ ಲಿಪ್ಯಂತರವನ್ನೇ ಬರೆಯುವ ಸಂಭವ ಹೆಚ್ಚು. ಒಳ್ಳೆಯ ಲೇಖನ ಈ ಎಲ್ಲ ಹೆಸರುಗಳಿಂದಲೂ ತನ್ನತ್ತ ದಾರಿ ತೋರಿಸಬೇಕು.

ಎರಡನೆಯದು ಸಮುದಾಯಗಳ ಹೆಸರಿನ ಪ್ರಶ್ನೆ. ವಯನಾಡಿನ ಪಣಿಯ, ಕುರುಮ, ವಯನಾಡನ್ ಚೆಟ್ಟಿ ಸಮುದಾಯಗಳಲ್ಲಿ ಈ ಜೀನ್ ಕಂಡುಬಂದಿರುವುದು ಅಧ್ಯಯನಗಳ ವಿಷಯ. ಆದರೆ ‘ಇಂಥ ಜನರ ಕಾಯಿಲೆ’ ಎಂಬ ಒಂದು ಸಡಿಲ ವಾಕ್ಯ ಮದುವೆಯ ಮಾತುಕತೆಗಳಲ್ಲಿ, ಶಾಲೆಯಲ್ಲಿ, ಕೂಲಿಯ ಸ್ಥಳದಲ್ಲಿ ಕಳಂಕವಾಗಿ ಪರಿಣಮಿಸುತ್ತದೆ. ವಾಹಕ ಮತ್ತು ರೋಗಿ ಎಂಬ ವ್ಯತ್ಯಾಸವನ್ನು ಮೊದಲ ಪರಿಚ್ಛೇದದಲ್ಲೇ ಸ್ಪಷ್ಟಪಡಿಸುವುದು, ಈ ಕಾಯಿಲೆ 2016ರ ಅಧಿನಿಯಮದ ಪಟ್ಟಿಯಲ್ಲಿದೆ ಎಂಬುದನ್ನು ಹೇಳುವುದು, ಅದು ಆಫ್ರಿಕಾ, ಅರೇಬಿಯಾ, ಮಧ್ಯ ಭಾರತಗಳಲ್ಲೂ ಇದೆ ಎಂದು ತಿಳಿಸುವುದು ಲೇಖನದ ಶಾಸ್ತ್ರೀಯ ಅಗತ್ಯವೂ ಹೌದು, ನ್ಯಾಯದ ಅಗತ್ಯವೂ ಹೌದು.

ಹೊಗೇನಕಲ್: ಒಂದೇ ಯೋಜನೆಗೆ ಎರಡು ಓದು

ಮೂರನೆಯ ನಿದರ್ಶನದ ವಿಶೇಷವೆಂದರೆ ಅದರ ಶೀರ್ಷಿಕೆ ಅಂಗವೈಕಲ್ಯದ್ದೆಂದು ತೋರುವುದೇ ಇಲ್ಲ. ಕನ್ನಡದ ಸಾರ್ವಜನಿಕ ನೆನಪಿನಲ್ಲಿ ಹೊಗೇನಕಲ್ ಎಂದರೆ ಜಲಪಾತ, ತೆಪ್ಪ, ಮತ್ತು 2008ರ ಅಂತರರಾಜ್ಯ ವಿವಾದ. ತಮಿಳುನಾಡು ಸರಕಾರದ ದಾಖಲೆಗಳಲ್ಲಿ ಆ ಯೋಜನೆಯ ಪೂರ್ಣ ಹೆಸರೇ ಹೊಗೇನಕಲ್ ಕುಡಿಯುವ ನೀರು ಸರಬರಾಜು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ. 2013ರಲ್ಲಿ ಉದ್ಘಾಟನೆಯಾದ ಇದು ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳಿಗೆ ಸಂಬಂಧಿಸಿದ್ದು. ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಹೊಸೂರು ಕೃಷ್ಣಗಿರಿ ಜಿಲ್ಲೆಯಲ್ಲೇ ಇದೆ.

ಫ್ಲೋರೋಸಿಸ್ ಎಂಬ ಅರ್ಧ ಹೆಸರು ಕನ್ನಡದ ಕಡೆಗೆ ದಾಟಿ ಬಂದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದಾಗ ಮೊದಲು ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದಲ್ಲಿ ಮೂಳೆಗಳು ದಪ್ಪವಾಗಿ, ಕೀಲುಗಳು ಬಿಗಿದು, ಬೆನ್ನು ಬಾಗುತ್ತದೆ. ಗ್ರಾನೈಟ್ ಶಿಲೆಯ ಒಣ ಪ್ರದೇಶಗಳಲ್ಲಿ ಆಳದ ಕೊಳವೆಬಾವಿಗಳ ನೀರು ಇಂಥ ಅಪಾಯವನ್ನು ಹೊತ್ತು ತರುತ್ತದೆ. ಈ ಸ್ಥಿತಿಯನ್ನು ಭಾರತದಲ್ಲಿ ಮೊದಲು ವೈದ್ಯಕೀಯವಾಗಿ ದಾಖಲಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದಲ್ಲಿ. ಹಳೆಯ ಅನಂತಪುರ ಜಿಲ್ಲೆ ಮತ್ತು ಅದಕ್ಕೆ ಅಂಟಿಕೊಂಡ ಪಾವಗಡ ಈ ಸಮಸ್ಯೆಗೆ ಹೆಸರಾದವು. ಮಡಕಶಿರಾ ಸೀಮೆಯ ಓದುಗರಿಗೆ ಇದು ದೂರದ ವಿಷಯವಲ್ಲ. ಭೂಮಿಯ ಕೆಳಗಿನ ನೀರಿಗೆ ರಾಜ್ಯದ ಗೆರೆ ಗೊತ್ತಿಲ್ಲ.

ಹೀಗಿರುವಾಗ, ಹೊಗೇನಕಲ್ ಕುರಿತ ಕನ್ನಡ ಲೇಖನಕ್ಕೆ ಫ್ಲೋರೋಸಿಸ್ ಎಂಬ ಒಂದು ವಿಭಾಗವನ್ನು ಸೇರಿಸುವುದು, ಫ್ಲೋರೋಸಿಸ್ ಎಂಬ ಲೇಖನದಿಂದ ಹೊಗೇನಕಲ್, ಪಾವಗಡ, ಅನಂತಪುರಗಳಿಗೆ ಕೊಂಡಿ ಹಾಕುವುದು ದೊಡ್ಡ ಕೆಲಸದಂತೆ ಕಾಣದು. ಆದರೆ ವಿವಾದವನ್ನು ಮಾತ್ರ ಬಲ್ಲ ಓದುಗನಿಗೆ ಆ ನೀರು ಯಾರ ಮೂಳೆಗಾಗಿ ಬೇಕಾಗಿತ್ತೆಂಬುದು ಅದರಿಂದ ಮೊದಲ ಬಾರಿಗೆ ತಿಳಿಯುತ್ತದೆ. ಇದರಿಂದ ವಿವಾದದಲ್ಲಿ ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ. ಕರ್ನಾಟಕದ ಆಕ್ಷೇಪವೂ ತಮಿಳುನಾಡಿನ ಅಗತ್ಯವೂ ತಮ್ಮ ತಮ್ಮ ಆಕರಗಳೊಂದಿಗೆ ಒಂದೇ ಪುಟದಲ್ಲಿ ಇರಬೇಕೆಂಬುದಷ್ಟೇ ಇಲ್ಲಿನ ಮಾತು. ಅದನ್ನು ಮಾಡಬಲ್ಲವರು ಎರಡೂ ಭಾಷೆಗಳ ಪತ್ರಿಕೆಗಳನ್ನು ಓದಬಲ್ಲವರು.

ಭಾರತಿ ಬ್ರೈಲ್: ಲಿಪಿಯ ಗೋಡೆ ಇಲ್ಲದ ಓದು

ಈವರೆಗಿನ ಮೂರೂ ವಿಷಯಗಳು ಕಾಯಿಲೆಯನ್ನು ಮುಟ್ಟುತ್ತವೆ. ಅಂಗವಿಕಲ ವ್ಯಕ್ತಿ ಓದುಗನಾಗಿ ಬರುವ ಒಂದು ವಿಷಯವೂ ಪಟ್ಟಿಯಲ್ಲಿ ಇರಲೇಬೇಕು. ತೌಲನಿಕ ಅಧ್ಯಯನದ ಹಿನ್ನೆಲೆಯವರಿಗೆ ಭಾರತಿ ಬ್ರೈಲ್‌ಗಿಂತ ತಕ್ಕುದಾದದ್ದು ಸಿಗುವುದು ಕಷ್ಟ. ಬೇರೆ ಬೇರೆ ಭಾಷೆಗಳಿಗೆ ಬೇರೆ ಬೇರೆ ಬ್ರೈಲ್ ಪದ್ಧತಿಗಳಿದ್ದ ಕಾಲವನ್ನು ದಾಟಿ, 1951ರಲ್ಲಿ ಬೈರೂತಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯ ಹೊತ್ತಿಗೆ ಭಾರತೀಯ ಭಾಷೆಗಳಿಗೆ ಸಮಾನವಾದ ಒಂದು ಪದ್ಧತಿ ಒಪ್ಪಿತವಾಯಿತು. ಆರು ಚುಕ್ಕೆಗಳ ಒಂದೇ ವಿನ್ಯಾಸ ಕನ್ನಡದ ‘ಕ’ಕ್ಕೂ ತೆಲುಗು, ಮಲಯಾಳ, ತಮಿಳು, ಮರಾಠಿಗಳ ‘ಕ’ಕ್ಕೂ ಸಲ್ಲುತ್ತದೆ. ಕಣ್ಣಿನಿಂದ ಓದುವ ಕಾಸರಗೋಡಿನ ಕನ್ನಡ ವಿದ್ಯಾರ್ಥಿ ಮಲಯಾಳ ಕಲಿಯಬೇಕಾದರೆ ಮೊದಲು ಹೊಸ ಲಿಪಿಯನ್ನು ಕಲಿಯಬೇಕು. ಬೆರಳಿನಿಂದ ಓದುವ ಅವನ ಸಹಪಾಠಿಗೆ ಲಿಪಿ ಬಹುಪಾಲು ಮೊದಲೇ ಗೊತ್ತು, ಕಲಿಯಬೇಕಾದದ್ದು ಭಾಷೆ ಮಾತ್ರ.

ಇನ್ನೂ ಒಂದು ಸಂಗತಿ ಲಿಪಿಶಾಸ್ತ್ರಕ್ಕೆ ಸಂಬಂಧಿಸಿದ್ದು. ಅಚ್ಚಿನ ಮರಾಠಿಯಲ್ಲಿ ಹ್ರಸ್ವ ಇಕಾರದ ಗುರುತು ವ್ಯಂಜನದ ಹಿಂದೆ ಬರುತ್ತದೆ. ತಮಿಳು, ಮಲಯಾಳಗಳಲ್ಲಿ ಎಕಾರದ ಗುರುತು ಹಾಗೆಯೇ. ಕನ್ನಡದಲ್ಲಿ ಗುಣಿತ ಮೇಲೂ ಬದಿಗೂ ಸೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. ಬ್ರೈಲಿನಲ್ಲಿ ಈ ಭೇದಗಳಾವುವೂ ಇಲ್ಲ. ಸ್ವರ ಪದದ ಆದಿಯಲ್ಲಿದ್ದರೂ ವ್ಯಂಜನಕ್ಕೆ ಸೇರಿದರೂ ಒಂದೇ ಕೋಶ. ಎಲ್ಲವೂ ಒಂದೇ ಸಾಲಿನಲ್ಲಿ, ಉಚ್ಚಾರದ ಕ್ರಮದಲ್ಲಿ. ನಮ್ಮ ಲಿಪಿಗಳ ಏಕತೆಯ ಕುರಿತು ನಡೆಯುವ ವಿದ್ವತ್ ಚರ್ಚೆಗಳಿಗೆ ಈ ಜೀವಂತ ಉದಾಹರಣೆ ಅಪರೂಪವಾಗಿ ಮಾತ್ರ ಪ್ರವೇಶ ಪಡೆಯುತ್ತದೆ.

ಇದೇ ಸಾಲಿಗೆ ಸೇರುವ ಇನ್ನೊಂದು ವಿಷಯ ಭಾರತೀಯ ಸಂಜ್ಞಾ ಭಾಷೆ. ಅದಕ್ಕೆ ಸಂಬಂಧಿಸಿದ ಸಂಶೋಧನ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. 3,000 ಪದಗಳ ಅದರ ಮೊದಲ ಕೋಶ 2018ರಲ್ಲಿ ಬಂತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸಂಜ್ಞಾ ಭಾಷೆ ಇಲ್ಲ. ಭಾಷಿಕ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಬರೆಯುವ ನಮಗೆ, ಪ್ರತಿಯೊಂದು ರಾಜ್ಯದಲ್ಲೂ ಅಲ್ಪಸಂಖ್ಯಾತವೇ ಆಗಿರುವ ಈ ಭಾಷೆ ನೆರೆಯದೆನಿಸಬೇಕು.

ಶೀರ್ಷಿಕೆಯ ಶಬ್ದ

ವಿಷಯ ನಿಶ್ಚಿತವಾದ ಮೇಲೂ ಶಬ್ದದ ಪ್ರಶ್ನೆ ಉಳಿಯುತ್ತದೆ. ಕರ್ನಾಟಕ ಸರಕಾರದ ಇಲಾಖೆ ‘ವಿಕಲಚೇತನರ’ ಹೆಸರಿನದು. ಮಲಯಾಳದಲ್ಲಿ ‘ಭಿನ್ನಶೇಷಿ’, ತಮಿಳಿನಲ್ಲಿ ‘ಮಾಟ್ರುತ್ತಿರನಾಳಿ’ ಬಳಕೆಯಲ್ಲಿವೆ. ‘ದಿವ್ಯಾಂಗ’ ಶಬ್ದ 2015ರ ಕೊನೆಯಲ್ಲಿ ಪ್ರಧಾನಮಂತ್ರಿಯವರ ಸೂಚನೆಯಿಂದ ಹಿಂದಿಯಲ್ಲಿ ಹಬ್ಬಿತು. ಮಹಾರಾಷ್ಟ್ರ 2022ರಲ್ಲಿ ಅದೇ ಹೆಸರಿನ ಪ್ರತ್ಯೇಕ ಇಲಾಖೆಯನ್ನು ರಚಿಸಿತು. ಸೊಲ್ಲಾಪುರದ ಕನ್ನಡಿಗನ ಕೈಯಲ್ಲಿರುವ ಕಾಗದದ ಶಬ್ದವೂ ತಾಳವಾಡಿಯ ಕನ್ನಡಿಗನ ಕಾಗದದ ಶಬ್ದವೂ ಬೇರೆ. ಕನ್ನಡ ಪತ್ರಿಕೆಯಲ್ಲಿ ಇಬ್ಬರೂ ಓದುವುದು ಮೂರನೆಯದು.

ಈ ಶಬ್ದಗಳು ಸಮಾನಾರ್ಥಕಗಳಂತೆ ಕಂಡರೂ ಒಂದೊಂದೂ ಒಂದೊಂದು ನಿಲುವನ್ನು ಹೊತ್ತಿದೆ. ಕೊರತೆಯನ್ನು ಮುಂದೆ ಮಾಡುವ ಶಬ್ದವಿದೆ, ಸಾಮರ್ಥ್ಯದ ಭಿನ್ನತೆಯನ್ನು ಹೇಳುವುದಿದೆ, ದೈವತ್ವವನ್ನು ಆರೋಪಿಸುವುದಿದೆ. ಕೊನೆಯದನ್ನು ಅಂಗವಿಕಲರ ಅನೇಕ ಸಂಘಟನೆಗಳು ಒಪ್ಪಲಿಲ್ಲ. ವಿಶ್ವಕೋಶಕ್ಕೆ ಯುಕ್ತವಾದ ಮಾರ್ಗ ಹೀಗಿದೆ: ಕಾಯಿದೆಯ ಹೆಸರನ್ನು ಕಾಯಿದೆಯಲ್ಲಿರುವಂತೆ, ಇಲಾಖೆಯ ಹೆಸರನ್ನು ಇಲಾಖೆ ಬಳಸುವಂತೆ ಕೊಡುವುದು, ಉಳಿದೆಡೆ ‘ಅಂಗವಿಕಲ ವ್ಯಕ್ತಿ’ಯಂಥ ಒಂದು ಸರಳ ರೂಪವನ್ನು ಸ್ಥಿರವಾಗಿ ಬಳಸುವುದು, ಬೇರೆ ಶಬ್ದಗಳಿಂದ ಹುಡುಕಿದವರೂ ಅದೇ ಪುಟಕ್ಕೆ ಬರುವಂತೆ ಪುನರ್ನಿರ್ದೇಶನ ಮಾಡುವುದು, ಶಬ್ದಗಳ ಇತಿಹಾಸವನ್ನು ಒಂದು ಪ್ರತ್ಯೇಕ ವಿಭಾಗದಲ್ಲಿ ಬರೆಯುವುದು. ಐದು ಭಾಷೆಗಳ ಈ ಪದಚರಿತ್ರೆಯೇ ಒಂದು ಸ್ವತಂತ್ರ ಲೇಖನಕ್ಕೆ ಯೋಗ್ಯ ವಿಷಯ.

ಜೀವನಚರಿತ್ರೆಗಳ ಬಗ್ಗೆ

ಸಾಧಕರ ಜೀವನಚರಿತ್ರೆಗಳು ಬೇಡವೆಂದಲ್ಲ. ಅವುಗಳನ್ನು ಬೇರೆ ರೀತಿಯಲ್ಲಿ ಬರೆಯಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ (1914–2010) ಬಗ್ಗೆ ಬರೆಯುವವರು ‘ಅಂಧರಾಗಿದ್ದರೂ’ ಎಂಬ ಶಬ್ದದಿಂದ ಆರಂಭಿಸುವುದು ರೂಢಿ. ಆ ‘ಆದರೂ’ ಎಂಬಲ್ಲಿಯೇ ಸಂಶೋಧನೆ ನಿಂತುಹೋಗುತ್ತದೆ. ಅಂಧ ಗುರು ಅಂಧ ಶಿಷ್ಯರಿಗೆ ಸಂಗೀತವನ್ನು ಹೇಗೆ ಕಲಿಸುತ್ತಿದ್ದರು, ಪಾಠಾಂತರದ ಕ್ರಮವೇನು, ಆಶ್ರಮ ತನ್ನ ವೆಚ್ಚವನ್ನು ಹೇಗೆ ಭರಿಸಿತು, ಅಲ್ಲಿ ಕಲಿತವರು ಮುಂದೆ ಯಾವ ಉದ್ಯೋಗಗಳಿಗೆ ಹೋದರು ಎಂಬ ಪ್ರಶ್ನೆಗಳು ಒಂದು ಸಂಸ್ಥೆಯ ಚರಿತ್ರೆಯನ್ನು ತೆರೆಯುತ್ತವೆ. ಹಿಂದೂಸ್ತಾನಿ ಸಂಗೀತ ಮಿರಜು, ಧಾರವಾಡ, ಗದಗಗಳ ನಡುವೆ ಭಾಷೆಯ ಗೆರೆ ನೋಡಿ ನಿಂತದ್ದಲ್ಲ. ಆದುದರಿಂದ ಇಂಥ ಚರಿತ್ರೆಗೆ ಮರಾಠಿ ಆಕರಗಳನ್ನೂ ನೋಡಬೇಕು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ದ್ವಿಭಾಷಿಕ ವಿದ್ವಾಂಸರಿಗೆ ಇಲ್ಲಿ ಕೆಲಸ ಕಾದಿದೆ. ಖಾಸಗಿ ವ್ಯಕ್ತಿಗಳ ವೈದ್ಯಕೀಯ ವಿವರಗಳನ್ನು ಮಾತ್ರ, ಅವು ಸಾರ್ವಜನಿಕ ಜೀವನಕ್ಕೆ ಸಂಬಂಧಿಸದ ಹೊರತು, ಬರೆಯಕೂಡದು.

ಕೆಲಸದ ಕ್ರಮ

ಕೊನೆಯದಾಗಿ, ಕಾರ್ಯರೂಪದ ಕೆಲವು ಮಾತುಗಳು. ಮೊದಲು ಇರುವ ಪುಟಗಳನ್ನು ಓದಿ, ಹೊಸದನ್ನು ಸೃಷ್ಟಿಸುವುದಕ್ಕಿಂತ ಇರುವುದನ್ನು ತಿದ್ದುವುದರಿಂದ ಹೆಚ್ಚು ಪ್ರಯೋಜನವೇ ಎಂದು ತೂಗಿನೋಡಬೇಕು. ಯಂತ್ರಾನುವಾದದಿಂದ ಬಂದ ಉದ್ದನೆಯ ಪುಟಕ್ಕಿಂತ, ಆಕರಗಳುಳ್ಳ ಐದು ಪರಿಚ್ಛೇದಗಳ ಪುಟ ಮೇಲು. ವೈದ್ಯಕೀಯ ವಾಕ್ಯಗಳಿಗೆ ಅಧ್ಯಯನಗಳ ಸಮೀಕ್ಷೆಗಳನ್ನೂ ಅಧಿಕೃತ ಮಾರ್ಗಸೂಚಿಗಳನ್ನೂ ಆಧರಿಸಬೇಕೇ ಹೊರತು ಒಂಟಿ ಪತ್ರಿಕಾ ವರದಿಯನ್ನಲ್ಲ. ಸಾಮಾಜಿಕ ಘಟನೆಗಳಿಗೆ ಪತ್ರಿಕೆಗಳು ಸಲ್ಲುತ್ತವೆ. ಆದರೆ ಗಡಿಯ ಎರಡೂ ಬದಿಯವು ಇರಬೇಕು. ಮಾಸಾಶನ, ರಿಯಾಯಿತಿ, ಪ್ರಮಾಣಪತ್ರಗಳ ನಿಯಮಗಳನ್ನು ಬರೆಯುವಾಗ ಅವು ಯಾವ ರಾಜ್ಯದವು, ಯಾವ ವರ್ಷದವು ಎಂಬುದು ವಾಕ್ಯದಲ್ಲೇ ಇರಬೇಕು. ಕನ್ನಡದಲ್ಲಿ ಬರೆದದ್ದೆಲ್ಲ ಕರ್ನಾಟಕದ್ದೆಂದು ಭಾವಿಸಿ, ಅನ್ವಯಿಸದ ಯೋಜನೆಗೆ ಅರ್ಜಿ ಹಿಡಿದು ಅಲೆಯುವ ಓದುಗ ಹೊಸೂರಿನಲ್ಲೂ ಆದೋನಿಯಲ್ಲೂ ಇದ್ದಾನೆ.

ಪುಟದ ರೂಪವೂ ವಿಷಯದ ಭಾಗವೇ. ತೆರೆಯನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಓದುತ್ತವೆ. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿರುವ ಪಠ್ಯವನ್ನೂ ಚಿತ್ರರೂಪದ ಪುಟಗಳನ್ನೂ ಓದಲಾರವು. ಚಿತ್ರಗಳಿಗೆ ಮಾತಿನ ವಿವರಣೆ, ಕ್ರಮಬದ್ಧವಾದ ಉಪಶೀರ್ಷಿಕೆಗಳು, ಸರಳ ಕೋಷ್ಟಕಗಳು ಇಲ್ಲದಿದ್ದರೆ ಅಂಧ ಓದುಗರಿಗೆ ಅಂಧತ್ವದ ಲೇಖನವೇ ಮುಚ್ಚಿದ ಬಾಗಿಲಾಗುತ್ತದೆ.

ನಮ್ಮ ಕೇಂದ್ರಗಳಲ್ಲಿ ಈ ಕೆಲಸ ಆರಂಭಿಸುವವರು ನೂರು ಶೀರ್ಷಿಕೆಗಳ ಪಟ್ಟಿ ಮಾಡಬೇಕಾಗಿಲ್ಲ. ತಮ್ಮ ತಾಲೂಕಿನ ಒಂದು ವಿಷಯ, ತಾವು ಓದಬಲ್ಲ ಎರಡು ಭಾಷೆಗಳು, ಆ ಪುಟವನ್ನು ವರ್ಷಕ್ಕೊಮ್ಮೆ ತೆರೆದು ನೋಡುವ ಇಬ್ಬರು ಸಾಕು. ಗಡಿನಾಡಿನ ಕನ್ನಡದ ಬಗ್ಗೆ ಬರೆಯುವಾಗ ನಾವು ಹಲವು ವೇಳೆ ಉಳಿವಿನ ಮಾತನ್ನು ಆಡುತ್ತೇವೆ. ಪಡ್ರೆಯ ಮನೆಯೊಂದರಲ್ಲಿ ಪರಿಹಾರದ ಆದೇಶವನ್ನು ತನ್ನ ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳಬೇಕಾದ ತಾಯಿಗೆ ಕನ್ನಡದಲ್ಲಿ ಒಂದು ನಂಬಬಹುದಾದ ಪುಟ ಸಿಗುವುದೂ ಆ ಉಳಿವಿನ ಲೆಕ್ಕಕ್ಕೆ ಸೇರಬೇಕಾದದ್ದು.